ಈಗಿನ ಸಹಿ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದ್ದರೆ ಬೇಸರ ಬೇಡ. ನನ್ನ ಎಡಗೈ ಇನ್ನೂ ಒಂದನೇ ಕ್ಲಾಸಿನಲ್ಲಿದೆ.

ಕ್ರೇನಿನಲ್ಲಿ ತೂಗಾಡುವ ತೊಲೆಯನ್ನು ದೂರದಿಂದ ಹಿಡಿಯಲು ಹಗ್ಗ ಕೊಡಿ ಎಂದು ಮೂರು ಸಲ ಕೇಳಿದ್ದೆ. "ಹಗ್ಗ ಬರೋವರೆಗೂ ಕೈಯಲ್ಲೇ ಹಿಡ್ಕೊಳ್ಳಯ್ಯ" ಎಂದರು ಮೇಸ್ತ್ರಿ. ಹಿಡಿದೆ. ತೊಲೆಗೂ ಗೋಡೆಗೂ ನಡುವೆ ಬಲಗೈ ಸಿಕ್ಕಿಕೊಂಡಿತು.

ಪರಿಹಾರ ಕೇಳಲು ಬಂದ ನನ್ನ ಹೆಂಡತಿಗೆ ನಿಮ್ಮ ಆಫೀಸಿನವರು ಒಂದು ಕಾಗದದ ನಕಲು ಕೊಟ್ಟು ಕಳಿಸಿದರು. ಹಗ್ಗವಿತ್ತು, ತಪ್ಪು ನನ್ನದೇ ಎಂದು ಅಪಘಾತವಾದ ನಾಲ್ಕನೇ ದಿನ ನಾನೇ ಬರೆದುಕೊಟ್ಟೆನಂತೆ. ಸಹಿ ಮುದ್ದಾಗಿದೆ, ಥೇಟ್ ನನ್ನ ಬಲಗೈಯದೇ.

ಆ ಕೈಯನ್ನು ಆಸ್ಪತ್ರೆಯಲ್ಲಿ ಮೊದಲ ದಿನವೇ ಕತ್ತರಿಸಿದ್ದರು.

ನಾಳೆ ಕಾರ್ಮಿಕ ಅಧಿಕಾರಿಯ ಮುಂದೆ ಆ ಕಾಗದವನ್ನು ಮರೆಯದೆ ತನ್ನಿ. ಹೋಲಿಸಿ ನೋಡಲು ನನ್ನ ಈಗಿನ ಸಹಿ ಕೆಳಗಿದೆ.

ಎಡಗೈಯಿಂದ,
ನಿಮ್ಮ ತೊಲೆ ಹಿಡಿದವನು