ಬಾಣಂತನಕ್ಕೆ ಡಾಕ್ಟರ ಒಪ್ಪಿಗೆ

ಗುಬ್ಬಿ,
೯ ಫೆಬ್ರವರಿ ೨೦೨೫, ಭಾನುವಾರ

ನನ್ನ ಮುದ್ದಿನ ಮಾನಸಾಗೆ ಅಮ್ಮನ ಆಶೀರ್ವಾದ, ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಸೇರಿಸಿ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಫೋನ್ ಇರುವಾಗ ಅಮ್ಮನಿಗೆ ಕಾಗದದ ಹುಚ್ಚೇಕೆ ಎಂದು ನಗುತ್ತೀಯ. ಫೋನಿನಲ್ಲಾದರೆ ನನ್ನ ಮಾತಿಗಿಂತ ಮೊದಲು ನನ್ನ ಉಸಿರು ನಿನಗೆ ಕೇಳಿಸಿಬಿಡುತ್ತದೆ. ನಾಳೆ ನಿಮ್ಮಪ್ಪ ಕುಣಿಗಲ್‌ಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕಳಿಸುತ್ತೇನೆ.

ಮೊನ್ನೆ ನನ್ನ ದಮ್ಮಿನ ಕಾಯಿಲೆ ತೋರಿಸಲು ತುಮಕೂರಿನ ಆಸ್ಪತ್ರೆಗೆ ಹೋಗಿದ್ದೆವು. ಈ ಸಲ ಪೈಪು ಊದಿಸಿದ್ದು ಸಾಲದೆ, ಕಾಯಿಲೆಯಿಂದ ಬದುಕು ಎಷ್ಟು ಕೆಟ್ಟಿದೆ ಎಂದೂ ಅಳೆಯುತ್ತಾರಂತೆ. ಸಿಸ್ಟರ್ ಒಬ್ಬಳು ಎದುರಿಗೆ ಕುಳಿತು ಪ್ರಶ್ನೆ ಕೇಳಿದಳು. ಮೆಟ್ಲು ಹತ್ತುವಾಗ ದಮ್ಮು ಕಟ್ಟುತ್ತಾ? ಇಲ್ಲ ಎಂದೆ. ಮಾಳಿಗೆ ಹತ್ತುವುದನ್ನೇ ಬಿಟ್ಟವಳಿಗೆ ದಮ್ಮು ಎಲ್ಲಿಂದ ಕಟ್ಟಬೇಕು? ಸ್ನಾನ ಮಾಡುವಾಗ ಸುಸ್ತಾಗುತ್ತಾ? ಇಲ್ಲ ಎಂದೆ. ನೀರು ಹಾಕುವವರು ನಿಮ್ಮಪ್ಪ, ಸುಸ್ತು ಅವರಿಗೆ. ಮನೆಗೆಲಸಕ್ಕೆ ತೊಂದರೆ ಇದೆಯಾ? ಇಲ್ಲ. ಗುಡಿಸಿ ಒರೆಸುವವಳು ಪಕ್ಕದ ಮನೆ ನರಸಿಂಹಮ್ಮ. ಒಂದೂ ಸುಳ್ಳಲ್ಲ ನೋಡು. ನಿಮ್ಮಪ್ಪ ನಡುವೆ ಏನೋ ಹೇಳಲು ಬಾಯಿ ತೆರೆದರು, ನಾನು ಕಣ್ಣು ಬಿಟ್ಟೆ, ಮುಚ್ಚಿಕೊಂಡರು.

ಡಾಕ್ಟರು ಎಲ್ಲಾ ನೋಡಿ, "ಪರ್ವಾಗಿಲ್ವೇ ಪ್ರಮೀಳಮ್ಮ, ಚೆನ್ನಾಗೇ ಇದೀರ" ಎಂದರು. ಮಗಳ ಬಾಣಂತನ ಮಾಡಬಹುದಾ ಎಂದು ಕೇಳಿದೆ. "ಧಾರಾಳವಾಗಿ ಮಾಡಿ, ಹೊಗೆ ಹತ್ರ ಮಾತ್ರ ಹೋಗ್ಬೇಡಿ" ಎಂದರು. ಬಸ್ಸು ಗುಬ್ಬಿ ಸೇರುವವರೆಗೂ ನಿಮ್ಮಪ್ಪನ ಕಿವಿಯಲ್ಲಿ ಅದೇ ರಾಗ ಹಾಡಿದೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಕೂಸಿಗೆ ನೀರು ನಾನೇ ಹಾಕಬೇಕು ಎಂದು.

ಮನೆಗೆ ಬಂದವಳೇ ನಿಮ್ಮಪ್ಪನ ಕೈಲಿ ಅಟ್ಟದಿಂದ ನಿನ್ನ ತೊಟ್ಟಿಲು ಇಳಿಸಿದೆ. ನಿನ್ನ ತೊಟ್ಟಿಲು ಶಾಸ್ತ್ರದ ದಿನ ನಿನಗಿಂತ ಮೊದಲು ಅದರಲ್ಲಿ ಮಲಗಿಸಿದ್ದ ಗುಂಡುಕಲ್ಲನ್ನೂ ಹುಡುಕಿ ತೊಳೆದಿಟ್ಟೆ. ಮಿಕ್ಸಿ ಬಂದ ಮೇಲೆ ಅದಕ್ಕೂ ನನ್ನ ಹಾಗೆ ಕೆಲಸವಿರಲಿಲ್ಲ.

ಈಗ ಮುಖ್ಯ ವಿಷಯ. ಮಾನಸಾ, ನೀನು ಇಲ್ಲಿಗೆ ಬರಬೇಡ. ಬಾಣಂತನ ಕುಣಿಗಲ್‌ನಲ್ಲೇ ಆಗಲಿ, ನಿಮ್ಮ ಅತ್ತೆ ಓಬಳಮ್ಮನವರದು ಗಟ್ಟಿ ಕೈ. ನಮ್ಮ ಬಚ್ಚಲುಮನೆ ನೆಲ ಬಹಳ ಜಾರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ಅನ್ನುತ್ತೀಯ, ಅನ್ನು. ತವರಿನವರು ಕೈಬಿಟ್ಟರು ಎಂದು ಅಲ್ಲಿನವರು ಆಡಿಕೊಂಡರೆ ಆಡಿಕೊಳ್ಳಲಿ. ನನಗೆ ಭಯವಾಗಿದೆ ಮಗಳೇ. ಸಾವಿನ ಹೆದರಿಕೆ ನನಗೆ ಹಳೆಯದು, ಅದರ ಪಕ್ಕದಲ್ಲೇ ಉಂಡು ಮಲಗುವುದು ಅಭ್ಯಾಸವಾಗಿದೆ. ನಿನ್ನೆಯಿಂದ ನನ್ನ ಕೈಗಳದೇ ಹೆದರಿಕೆ. ಕಾರಣ ಕೇಳಬೇಡ.

ಬುಧವಾರ ಮತ್ತೆ ತುಮಕೂರಿಗೆ ಹೋಗಿ ಆ ಪ್ರಶ್ನೆಗಳಿಗೆ ಇನ್ನೊಮ್ಮೆ ಉತ್ತರ ಕೊಡುತ್ತೇವೆ. ಈ ಸಲ ನಿಮ್ಮಪ್ಪ ಮಾತಾಡಲಿ. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನನ್ನೇ ನೆನೆಯುತ್ತಿರುವ ಅಮ್ಮ,
ಪ್ರಮೀಳಾ

ತಾ.ಕ.: ಹೇಳದಿದ್ದರೆ ಹಟ ಮಾಡಿ ಬಂದೇಬಿಡುತ್ತೀಯ, ಅದಕ್ಕೆ ಹೇಳುತ್ತೇನೆ. ನಿನ್ನೆ ಕೈ ಪಳಗಲಿ ಎಂದು ಗುಂಡುಕಲ್ಲಿಗೆ ನಿನ್ನ ಹಳೇ ಬಟ್ಟೆ ಸುತ್ತಿ, ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದೆ. ಎರಡನೇ ಚೊಂಬಿಗೇ ಉಸಿರು ಕಟ್ಟಿತು. ಕೂಸು ಜಾರಿ ಕವುಚಿ ಬಿತ್ತು. ಕಲ್ಲು ಎಂದು ಬರೆಯಬೇಕಿತ್ತು. ನಲ್ಲಿ ನೀರು ಅದರ ಮೇಲೆ ಸುರಿಯುತ್ತಲೇ ಇತ್ತು. ಕೈಗೆಟಕುವಷ್ಟು ಹತ್ತಿರ ಬಿದ್ದಿತ್ತು, ಎತ್ತಲು ಆಗಲಿಲ್ಲ, ಕೂಗಲೂ ಆಗಲಿಲ್ಲ. ನಿಮ್ಮಪ್ಪ ಹಾಲು ತಂದು ಬಾಗಿಲು ತೆರೆಯುವವರೆಗೂ ಹಾಗೇ ಇತ್ತು. ಅವರು ನನ್ನನ್ನು ಎತ್ತುವ ಮೊದಲು ಎತ್ತಿಕೊಂಡದ್ದು ಅದನ್ನೇ.