ಪಕ್ಕೆ ಹಾರುವುದು

ಚಾಮರಾಜಪುರಂ, ಮೈಸೂರು
17 ನವೆಂಬರ್ 2024

ಪ್ರೀತಿಯ ಲಹರಿ,

ಹೇಗಿದ್ದೀಯ? ಹುಬ್ಬಳ್ಳಿಯಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರಿಸಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕ್ಲಿನಿಕ್ಕಿನ ಕೆಲಸ ಅಂತ ನೆಪ ಹೇಳಬಹುದು, ಆದರೆ ಕಾರಣ ಅದಲ್ಲ. ನಿನ್ನಮ್ಮ ನ್ಯುಮೋನಿಯಾದಲ್ಲಿ ಹೋದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ನಾವೇನಾದ್ರೂ ಮರೆತ್ವೇನೇ, ಗಾರ್ಗಿ?" ಅಂತ ಕೇಳಿದೆಯಲ್ಲ. ನಾನು ಕೊಟ್ಟ ಉತ್ತರ ಸರಿಯಿರಲಿಲ್ಲ. ಸರಿಯಾದದ್ದನ್ನು ಬರೆಯಲು ಹತ್ತು ತಿಂಗಳು ಹಿಡಿಯಿತು. ಧೈರ್ಯ ಬಂದದ್ದು ಮೊನ್ನೆ, ಬೋಗಾದಿಯಲ್ಲಿ.

ಅಲ್ಲಿಯ ಅಂಗನವಾಡಿಗೆ, ನ್ಯುಮೋನಿಯಾ ತಡೆಯಲು ಹಾಕುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆ ಮಾತಾಡಲು ಹೋಗಿದ್ದೆ. ಚರ್ಮದ ಡಾಕ್ಟರಿಗೆ ಶ್ವಾಸಕೋಶದ ಉಸಾಬರಿ ಯಾಕೆ ಅಂತ ನೀನು ಕೇಳಬಹುದು. ಅದನ್ನು ಕೊನೆಗೆ ಹೇಳುತ್ತೇನೆ. ಅಲ್ಲಿ ಕೂತಿದ್ದವರು ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು, ಮಡಿಲಲ್ಲಿ ಮಕ್ಕಳು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದುಕೊಂಡಿದ್ದ ಹಾಳೆಯನ್ನು ಓದಿದೆ. "ನ್ಯುಮೋಕಾಕಲ್" ಎಂದಾಗ ಹಿಂದಿನಿಂದ ಯಾರೋ, "ಅದೇನ್ ಕಾಗೆ ಕಾಯ್ಲೆನಾ ಮೇಡಂ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಯಿತು.

ಪ್ರೀತಿ ಎಂಬ ಹುಡುಗಿ ಒಂಬತ್ತು ತಿಂಗಳ ಮಗುವನ್ನೆತ್ತಿಕೊಂಡು ಹೊರಟೇಬಿಟ್ಟಳು. "ಎರಡು ಸಲ ಚುಚ್ಸಿವ್ನಿ, ಸಾಕು ಬುಡಿ. ಮಗಾ ಚೆನ್ನಾಗೇ ಅವ್ನೆ."

ಆಗ ಆಶಾ ಕಾರ್ಯಕರ್ತೆ ದೇವಿರಮ್ಮ ಬಾಗಿಲಿಗೆ ಅಡ್ಡ ನಿಂತರು. ಅಂಗೈಯನ್ನು ತಮ್ಮ ಪಕ್ಕೆಯ ಮೇಲಿಟ್ಟು ಬಡಬಡನೆ ಅದುರಿಸಿದರು, ಸಿಕ್ಕಿಬಿದ್ದ ಗುಬ್ಬಿಯ ರೆಕ್ಕೆಯಂತೆ. "ಉಸ್ರಾಡಾಕ್ ಆಗ್ದೆ ಮಗೀಗೆ ಪಕ್ಕೆ ಹಾರೋದು ಕಣ್ರವ್ವಾ. ಯಾರ್ಯಾರ್ ನೋಡಿದೀರಿ?"

ನಗು ನಿಂತಿತು. ಒಂದೊಂದಾಗಿ ಕೈಗಳು ಮೇಲೆದ್ದವು. "ನಮ್ಮಕ್ಕನ ಮಗೀಗೆ." "ನನ್ನ ಮೊದಲ್ನೇದಕ್ಕೆ." ಪ್ರೀತಿಯ ಕೈಯೂ ಎದ್ದಿತು. ನನಗೆ ಮೈ ಜುಮ್ಮೆಂದಿತು, ಲಹರಿ. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಕಾಯಿಲೆಯನ್ನು ಆ ಕೋಣೆಯ ಅರ್ಧ ಜನ ಅಂಗೈಯಿಂದ ಮುಟ್ಟಿ ನೋಡಿದ್ದರು. ಅವರಿಗೆ ಹೊಸದಾಗಿದ್ದದ್ದು ನನ್ನ ಪದ ಮಾತ್ರ.

"ಎಲ್ಲಾನೂ ಈ ಸೂಜಿ ತಡಿಯಾಕಿಲ್ಲ," ಅಂದರು ದೇವಿರಮ್ಮ. "ಪಕ್ಕೆ ಹಾರ್ಸೋ ಕಳ್ಳರು ಬೋ ಜನ ಅವ್ರೆ. ಅದ್ರಲ್ಲಿ ದೊಡ್ಡ ಕಳ್ಳನ್ನ ಇದು ಹಿಡೀತದೆ. ಮೂರನೇದು ಬುಟ್ರೆ ಬಾಗ್ಲು ಅರ್ಧ ತೆಗೆದಿಟ್ಟಂಗೆ." ಆಮೇಲೆ ನನ್ನ ಕಡೆ ತಿರುಗಿ, "ವಯಸ್ಸಾದೋರ್ಗೂ ಐತಲ್ಲ ಮೇಡಂ, ಅದ್ನೂ ಹೇಳಿ."

ಹೇಳಿದೆ. ಅರವತ್ತೈದು ದಾಟಿದವರು, ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳಿ ಅಂದೆ. "ಡಾಕ್ಟರನ್ನು ಕೇಳಿ" ಅನ್ನುವಾಗ ಕೈಯಲ್ಲಿದ್ದ ಹಾಳೆಯನ್ನು ಮಡಿಸಿಟ್ಟೆ.

ಪ್ರೀತಿ ಕೂತು ಮಗುವಿನ ಬಲತೊಡೆಯ ಬಟ್ಟೆ ಸರಿಸಿದಳು. ನರ್ಸ್ ಚುಚ್ಚಿದ್ದು ಅರ್ಧ ಎಂಎಲ್ ಔಷಧಿ. ಮಗು ಅತ್ತು, ಹಾಲು ಕುಡಿದು, ಮಲಗಿತು. ತಾನಿನ್ನೂ ಕಾಣದ ಶತ್ರುವಿನ ಗುರುತನ್ನು ಆ ಪುಟ್ಟ ಮೈ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು, ಇಪ್ಪತ್ತು ವರ್ಷದಿಂದ ಡಾಕ್ಟರಾಗಿರುವ ನನಗೆ ಅವತ್ತು ಮೊದಲ ಸಲ ಬೆರಗು ಅನ್ನಿಸಿತು.

ನಿನ್ನ ಗಂಡ ವಾಗೀಶನನ್ನು ಕೇಳಿದೆ ಅಂತ ಹೇಳು. ನಿನ್ನ ಮಗಳು ನಿನ್ನಷ್ಟೇ ಜೋರಾಗಿ ನಗುತ್ತಾ ಬೆಳೆಯಲಿ.

ನಿನ್ನ,
ಗಾರ್ಗಿ

ತಾ.ಕ.: ಕಳೆದ ವರ್ಷ ದೀಪಾವಳಿಗೆ ನಿನ್ನಮ್ಮ, ತಮ್ಮ ಸಕ್ಕರೆ ಕಾಯಿಲೆಯ ಡಾಕ್ಟರು ಬರೆದ ಚೀಟಿ ತಂದು, "ಈ ನ್ಯುಮೋ ಇಂಜೆಕ್ಷನ್ ಬೇಕೇನೇ?" ಅಂತ ನನ್ನನ್ನು ಕೇಳಿದರು. ನಾನು ಸರಿಯಾಗಿ ಓದಲೂ ಇಲ್ಲ. "ಅದು ಮಕ್ಕಳಿಗೆ ಕಣಮ್ಮ, ಬಿಡಿ," ಅಂದೆ. "ಸರಿ, ನಾನೇನ್ ಮಗುನಾ," ಅಂತ ನಕ್ಕು, ಚೀಟಿ ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಹಾಕಿಸಿದ್ದರೆ ಉಳಿಯುತ್ತಿದ್ದರೇ, ನನಗೆ ಗೊತ್ತಿಲ್ಲ. ಮೆಟ್ಟಿಲ ಮೇಲೆ ನೀನು ಕೇಳಿದಾಗ "ಏನೂ ಮರೆತಿಲ್ಲ" ಅಂದೆ. ಆ ಡಬ್ಬಿಯನ್ನು ನೀನು ಹುಬ್ಬಳ್ಳಿಗೆ ತೆಗೆದುಕೊಂಡು ಹೋದೆಯಲ್ಲ. ತೆರೆದು ನೋಡು.