ಹಿತ್ತಲ ಕೋಣೆಯ ಬಾಡಿಗೆ

ಜೂನ್ ೪

ಎರಡು ಹಲ್ಲುಸೆಟ್ಟು ಪಾಲಿಶ್ ಮಾಡಿ ಕ್ಲಿನಿಕ್ಕಿಗೆ ಕಳಿಸಿದೆ. ಮೂರನೆಯದು ವಾಪಸ್. ಬಾಯಿಗೆ ಕೂರುತ್ತಿಲ್ಲವಂತೆ. ಬಾಯಿ ಮುಚ್ಚಿದರೆ ತಾನೇ ಕೂರುವುದು!

ಅಷ್ಟರಲ್ಲಿ ತೆರಿಗೆ ಇಲಾಖೆಯ ನೋಟಿಸು. ಮೂರು ವರ್ಷದ ಬಾಡಿಗೆ ಆದಾಯ ಮುಚ್ಚಿಟ್ಟಿದ್ದೇನಂತೆ. ನಾನು! ಹಿತ್ತಲ ಕೋಣೆಯಲ್ಲಿರುವುದು ಡ್ರಾಯಿಂಗ್ ಮೇಷ್ಟ್ರು ಒಬ್ಬರೇ. ಅವರಿಂದ ಬಿಡಿಗಾಸು ಮುಟ್ಟಿಲ್ಲ. ರಾತ್ರಿ ಊಟಕ್ಕೆ ಎದುರಿಗೆ ಒಬ್ಬರು ಕೂತರೆ ಸಾಕಿತ್ತು.

ಜೂನ್ ೫

ಕೇಳಿಯೇಬಿಟ್ಟೆ. "ಏನ್ರೀ ಮೇಷ್ಟ್ರೇ, ನನಗ್ಯಾವಾಗ ಬಾಡಿಗೆ ಕೊಟ್ರಿ?"

ಮುಖ ಬಿಳಿಚಿಕೊಂಡಿತು. ಬಾಡಿಗೆ ತೋರಿಸಿದರೆ ಸಂಬಳದಲ್ಲಿ ತೆರಿಗೆ ಕಡಿಮೆ ಹಿಡಿಯುತ್ತಾರಂತೆ. ಶಾಲೆಯಲ್ಲಿ ನನ್ನ ಹೆಸರು, ತೆರಿಗೆ ನಂಬರು ಬರೆದುಕೊಟ್ಟಿದ್ದಾರೆ. ಶಾಲೆಯವರು ಅದನ್ನೇ ಇಲಾಖೆಗೆ ಕಳಿಸಿದ್ದಾರೆ. ನಂಬರು ಕೇಳಿದಾಗ ಯಾಕೆಂದೂ ಕೇಳದೆ ಖುಷಿಯಿಂದ ಕೊಟ್ಟವಳು ನಾನೇ...

"ನಿಮಗೆ ತೊಂದ್ರೆ ಆಗುತ್ತೆ ಅಂತ ಗೊತ್ತಿರ್ಲಿಲ್ಲ ಅಕ್ಕಾ. ಸುಳ್ಳು ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

ಮೈಯೆಲ್ಲ ಉರಿಯಿತು. ಆದರೂ ಬಡಿಸಿದೆ.

ಜೂನ್ ೧೧

ಮೇಷ್ಟ್ರು ಹೊರಗೇ ಉಂಡು ಬರುತ್ತಿದ್ದಾರೆ. ನಾಚಿಕೆ ಇರಬೇಕು. ರೇಡಿಯೊ ಜೋರಾಗಿ ಹಾಕಿಕೊಂಡು ಉಂಡೆ. ಸೇರಲಿಲ್ಲ.

ನಿಜ ಹೇಳಿದರೆ ಅವರ ಕೆಲಸ ಹೋಗುತ್ತದೆ, ಊರು ಬಿಡುತ್ತಾರೆ. ಒಪ್ಪಿಕೊಂಡರೆ ಹೊಸ ಪಾಲಿಶಿಂಗ್ ಮೋಟಾರಿಗೆ ಕೂಡಿಟ್ಟದ್ದು ನೀರುಪಾಲು.

ಜೂನ್ ೧೯

ಇಲಾಖೆಗೆ ಹೋಗಿ ಬಂದೆ. ಅಧಿಕಾರಿ ಚಿಕ್ಕ ಹುಡುಗಿ, ಪಾಪ, ಜೋರು ನೆಗಡಿ.

"ಬಾಡಿಗೆ ತಗೊಂಡಿಲ್ಲ ಅಂದ್ರೆ ಅವರನ್ನ ಯಾಕೆ ಇಟ್ಕೊಂಡಿದ್ರಿ? ಸಂಬಂಧಿಕರಾ?"

ಅಲ್ಲ ಎಂದೆ.

"ಮತ್ತೆ?"

ಊಟಕ್ಕೆ ಜೊತೆ ಬೇಕಿತ್ತು ಎಂದು ಹೇಗೆ ಹೇಳಲಿ? "ತಗೊಂಡಿದ್ದೆ ಕಣಮ್ಮಾ. ತೋರಿಸೋಕೆ ಮರ್ತೆ," ಎಂದು ಸಹಿ ಹಾಕಿದೆ. ದಂಡ ಬೇರೆ.

ವಿಷಯ ತಿಳಿದು ಮೇಷ್ಟ್ರ ಕಣ್ಣಲ್ಲಿ ನೀರು. ಇನ್ನೆಲ್ಲ ಮೊದಲಿನಂತೆ ಎಂದುಕೊಂಡೆ.

ಜುಲೈ ೧, ಸಂಜೆ

ಮೇಷ್ಟ್ರು ಬಂದರು. ಎಂದೂ ಇಲ್ಲದೆ ಬಾಗಿಲು ತಟ್ಟಿ. ಕೈಯಲ್ಲಿ ಲಕೋಟೆ.

"ಇನ್ಮೇಲೆ ಬಿಟ್ಟಿ ಇರಲ್ಲ ಅಕ್ಕಾ. ತಿಂಗಳು ತಿಂಗಳು ಬಾಡಿಗೆ ಕೊಡ್ತೀನಿ. ಅಡುಗೇನೂ ನಾನೇ ಮಾಡ್ಕೋತೀನಿ. ನಿಮಗೆ ಇನ್ನೂ ಭಾರ ಆಗಬಾರ್ದು."

ಎಷ್ಟು ದಿನದಿಂದ ಯೋಚಿಸಿದ್ದರೋ. ನನಗೆ ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದಾರೆ. ಬೇಡ ಎನ್ನಬೇಕಿತ್ತು. ತೆಗೆದುಕೊಂಡೆ. ಕೂತು ಅತ್ತೆ.

ಗೋಡೆಯಾಚೆ ಪಾತ್ರೆಯ ಸದ್ದು. ಸ್ಟೌ ತಂದಿದ್ದಾರೆ. ಉಪ್ಪು ತಂದಿದ್ದಾರೋ ಇಲ್ಲವೋ. ಕೇಳಿಕೊಂಡು ಬಂದರೂ ಬರಬಹುದು. ಬಾಗಿಲು ತೆರೆದೇ ಇಟ್ಟು ಇನ್ನೊಂದಿಷ್ಟು ಹೊತ್ತು ಕಾಯುತ್ತೇನೆ.